ತುಳಸಿ ಲಗ್ನದ ತನಕದ ಸೈನ್ಯ

ಬನ್ನಿ ಕೊಟ್ಟು ತಗೊಂಡು ದಸರೆ ಮುಗಿಯಿತೆಂದರೆ ಬೆಳಗಾವಿಯ ಗಣಪತ ಗಲ್ಲಿಗೂ ಶಹಾಪುರದ ಖಡೇಬಜಾರಿಗೂ ಸೈನ್ಯ ಬಂದಿಳಿಯುತ್ತದೆ. ಆಕಾಶಬುಟ್ಟಿ, ಪಣತಿ, ರಂಗೋಲಿ ಪುಡಿಯ ರಾಶಿಗಳ ನಡುವೆ ಹಾಸಿದ ತಾಡಪತ್ರಿಯ ಮೇಲೆ ಗೇಣಿಗಿಂತ ಗಿಡ್ಡ ಮಣ್ಣಿನ ಮಾವಳರು, ಅಂದರೆ ಶಿವಾಜಿಯ ಕಾಲಾಳುಗಳು, ಸಾಲುಗಟ್ಟಿ ನಿಂತಿರುತ್ತಾರೆ. ಒಬ್ಬನ ಕೈಯಲ್ಲಿ ಡಾಲು-ಕತ್ತಿ, ಇನ್ನೊಬ್ಬನದು ಭರ್ಚಿ, ಮತ್ತೊಬ್ಬ ತುತ್ತೂರಿ ಊದುತ್ತಿದ್ದಾನೆ. ನಡುವೆ ಸಿಂಹಾಸನದ ಮೇಲೆ, ಉಳಿದವರಿಗಿಂತ ಎರಡು ಪಟ್ಟು ದೊಡ್ಡದಾಗಿ, ಶಿವಾಜಿ ಮಹಾರಾಜರು. ಇವರ ಪಕ್ಕದಲ್ಲೇ ಯುದ್ಧದ ಗೊಡವೆಯೇ ಇಲ್ಲದ ಜನ: ಬಾವಿಯಿಂದ ನೀರು ಸೇದುವವಳು, ಬೀಸುಕಲ್ಲಿನ ಮುಂದೆ ಕುಂತವಳು, ಎಮ್ಮೆ ಹಿಂಡುವ ಗೌಳಿ, ಯಾರಿಗೂ ಸಂಬಂಧವಿಲ್ಲದ ಒಂದು ಹುಲಿ. ಬೆಲೆ ಕೇಳಿದರೆ ಮಾರುವಾಕೆ ಕಣ್ಣೆತ್ತದೆ ಹೇಳುತ್ತಾಳೆ: "ಮಾವಳಾ ಎಲ್ಲಾ ಒಂದ ರೇಟ್ ರೀ. ಮಹಾರಾಜರದು ಬ್ಯಾರೆ."

ದೀಪಾವಳಿಗೆ ಮಕ್ಕಳು ಮನೆ ಮುಂದೆ ಮಣ್ಣಿನ ಕಿಲ್ಲಾ ಕಟ್ಟುವ ರೂಢಿ ಮಹಾರಾಷ್ಟ್ರದ ತುಂಬ ಇದೆ. ಬೆಳಗಾವಿಯಲ್ಲಿ ಅದಕ್ಕೆ ಮನೆಮಾತಿನ ಹಂಗಿಲ್ಲ. ಮರಾಠಿ ಮನೆಯ ಹುಡುಗ ಕಲ್ಲು ಹೊತ್ತರೆ ಪಕ್ಕದ ಕನ್ನಡ ಮನೆಯ ಹುಡುಗ ಮಣ್ಣು ಕಲಸುತ್ತಾನೆ. ಮಕ್ಕಳಾಟ ಅನ್ನುತ್ತೇವಾದರೂ ಕೆಲಸ ಸಣ್ಣದಲ್ಲ. ಮೊದಲು ಕಲ್ಲು, ಒಡಕು ಇಟ್ಟಿಗೆ, ಹಳೆ ಡಬ್ಬಿ ಪೇರಿಸಿ ಗುಡ್ಡ ಎಬ್ಬಿಸಬೇಕು. ರಾಡಿಯಲ್ಲಿ ಅದ್ದಿದ ಗೋಣಿಚೀಲವನ್ನು ಅದರ ಮೇಲೆ ಹೊದಿಸಬೇಕು. ಚೀಲದ ಮಡಿಕೆಗಳೇ ಕಣಿವೆಗಳಾಗುತ್ತವೆ. ಸಾಣಿಸಿದ ಕೆಂಪು ಮಣ್ಣು ಬಳಿದು, ಹಸಿ ಇರುವಾಗಲೇ ರಾಗಿಯನ್ನೋ ಸಾಸಿವೆಯನ್ನೋ ಉದುರಿಸಿದರೆ ನಾಲ್ಕಾರು ದಿನದಲ್ಲಿ ಗುಡ್ಡ ಹಸಿರಾಗುತ್ತದೆ. ರಾಜಗಡ, ಪ್ರತಾಪಗಡ ಎಲ್ಲರಿಗೂ ಬೇಕು. ಸಿಂಧುದುರ್ಗ ಮಾಡುವವರು ಸುತ್ತ ಪ್ಲಾಸ್ಟಿಕ್ ಹಾಳೆ ಹಾಸಿ ಸಮುದ್ರ ನಿಲ್ಲಿಸುತ್ತಾರೆ. ವಡಗಾವಿ, ಅನಗೋಳದ ಕಡೆ ಯುವಕ ಮಂಡಳದವರು ಕೈ ಹಾಕಿದರೆ ಕಿಲ್ಲಾ ಇಡೀ ಬಯಲನ್ನೇ ನುಂಗುತ್ತದೆ. ಬಹುಮಾನವಿಟ್ಟು ಸ್ಪರ್ಧೆಯೂ ನಡೆಯುತ್ತದೆ. ನೋಡಲು ಹೋದ ದೊಡ್ಡವರಿಗೆ ಅಲ್ಲಿ ಕಿಮ್ಮತ್ತು ಕಡಿಮೆ. "ಕಾಕಾ, ಬುರುಜಿನ ಮ್ಯಾಲ ಕೈ ಇಡಬ್ಯಾಡ್ರಿ, ಇನ್ನಾ ಹಸಿ ಐತಿ" ಎಂದು ಗದರಿಸಿಕೊಂಡೇ ಮುಂದೆ ಹೋಗಬೇಕು.

ಇಷ್ಟೆಲ್ಲ ಆದರೂ ಭೀಮಗಡ ಕಟ್ಟಿದ ಹುಡುಗರು ನನ್ನ ಕಣ್ಣಿಗೆ ಬಿದ್ದಿಲ್ಲ. ಶಿವಾಜಿ ಕಾಲದ ನಿಜವಾದ ಕೋಟೆಯೊಂದು ಖಾನಾಪುರ ತಾಲ್ಲೂಕಿನ ಕಾಡಿನೊಳಗೇ ಇದೆ. ಗೋವಾದ ಪೋರ್ಚುಗೀಸರ ಮೇಲೆ ಕಣ್ಣಿಡಲು ಕಟ್ಟಿದ್ದು. ಅದರ ಸುತ್ತಲ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಬಾವಲಿ ಅಧ್ಯಯನ ಮಾಡುವವರಿಗೆ ಭೀಮಗಡ ಗೊತ್ತು, ಕಿಲ್ಲಾ ಕಟ್ಟುವವರಿಗೆ ಗೊತ್ತಿಲ್ಲ. ಪಟದಲ್ಲಿ, ಪಠ್ಯದಲ್ಲಿ, ಟಿವಿಯಲ್ಲಿ ಕಂಡ ಕೋಟೆ ಮಾತ್ರ ಅಂಗಳಕ್ಕೆ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಳೆಯ ಆಟಿಕೆ ಕೂಡಿಸುವ ಹವ್ಯಾಸದವರಿಗೆ ಈ ಮಣ್ಣಿನ ಸೈನ್ಯ ದೊಡ್ಡ ತಲೆನೋವು. ಮೈಸೂರು ಸೀಮೆಯಲ್ಲಿ ದಸರೆಯ ಪಟ್ಟದ ಗೊಂಬೆಗಳನ್ನು ಅಟ್ಟದಿಂದ ಇಳಿಸಿ, ಒರೆಸಿ, ಕೂಡಿಸಿ, ಹಬ್ಬ ಮುಗಿದ ಮೇಲೆ ಬಟ್ಟೆ ಸುತ್ತಿ ಮತ್ತೆ ಅಟ್ಟಕ್ಕೇರಿಸುತ್ತಾರೆ. ಅಜ್ಜಿಯ ಗೊಂಬೆ ಮೊಮ್ಮಗಳಿಗೆ ಬರುವುದು ಹಾಗೆ. ಬೆಳಗಾವಿಯ ಮಾವಳನಿಗೆ ಅಟ್ಟವಿಲ್ಲ. ತುಳಸಿ ಲಗ್ನದ ಹೊತ್ತಿಗೆ ಕಿಲ್ಲಾ ಬಿರುಕು ಬಿಟ್ಟಿರುತ್ತದೆ, ರಾಗಿ ಪೈರು ಹಳದಿಯಾಗಿರುತ್ತದೆ, ಅರ್ಧ ಸೈನ್ಯ ಕೈಕಾಲು ಮುರಿದುಕೊಂಡು ಮಣ್ಣಲ್ಲಿ ಮಲಗಿರುತ್ತದೆ. ಗುಡ್ಡ ಕೆಡವುವಾಗ ಮಹಾರಾಜರನ್ನು ಮಾತ್ರ ಎತ್ತಿಕೊಂಡು ಹೋಗಿ ಟಿವಿ ಮೇಲೋ ದೇವರ ಮನೆಯಲ್ಲೋ ಇಡುತ್ತಾರೆ. ಹಾಗಾಗಿ ಹಳೆ ಮನೆಗಳಲ್ಲಿ ಹುಡುಕಿದರೆ ಸಿಂಹಾಸನದ ಶಿವಾಜಿ ಒಂದೊಂದು ಸಿಕ್ಕಾನು, ತುತ್ತೂರಿಯವ ಸಿಗುವುದು ದುರ್ಲಭ. ಸಂಗ್ರಾಹಕನ ಲೆಕ್ಕದಲ್ಲಿ ರಾಜನಿಗಿಂತ ಕಾಲಾಳು ಹೆಚ್ಚು ಬೆಲೆಬಾಳುವುದು ಇದೊಂದೇ ಸೈನ್ಯದಲ್ಲಿ ಇರಬೇಕು.

ಸಿಕ್ಕಿದ್ದು ಹಳೆಯದೋ ಹೊಸದೋ ತಿಳಿಯುವುದು ಹೇಗೆ? ಬಣ್ಣ ನೋಡಬೇಡಿ, ತಳ ನೋಡಿ. ಚಕ್ಕೆ ಎದ್ದ ಕಡೆ ಸುಣ್ಣದಂತೆ ಬೆಳ್ಳಗಿದ್ದರೆ ಅದು ಪ್ಲಾಸ್ಟರ್ ಆಫ್ ಪ್ಯಾರಿಸ್. ಗಣಪತಿ ಮೂರ್ತಿಗಳ ಜತೆ ಬಂದ ಹೊಸ ಕಾಲದ ಸರಕು. ಕೆಂಪಗೋ ಕಂದಾಗಿಯೋ ಇದ್ದರೆ ಮಣ್ಣು. ಬೆರಳು ಒದ್ದೆ ಮಾಡಿ ಅಲ್ಲಿ ಒತ್ತಿದಾಗ ಕೆಸರು ಅಂಟಿದರೆ ಸುಡದ ಮಣ್ಣು, ಅಂಟದಿದ್ದರೆ ಭಟ್ಟಿ ಕಂಡದ್ದು. ಎರಡು ಬದಿಗಳಲ್ಲಿ ಮೇಲಿಂದ ಕೆಳಗೆ ಸಣ್ಣ ಗೆರೆ ಹಾದಿರುತ್ತದೆ. ಮುಂಭಾಗದ ಅಚ್ಚು, ಹಿಂಭಾಗದ ಅಚ್ಚು ಕೂಡಿದ ಜಾಗ ಅದು. ಅಚ್ಚು ಹೊಸದಿದ್ದಾಗ ತೆಗೆದ ಗೊಂಬೆಯ ಮೀಸೆ, ಪೇಟದ ಸುತ್ತು ಚೂಪಾಗಿರುತ್ತವೆ. ವರ್ಷಗಟ್ಟಲೆ ಬಳಸಿ ಅಚ್ಚು ಸವೆದಂತೆ ಮುಖವೂ ಸವೆಯುತ್ತದೆ, ಕೊನೆಕೊನೆಗೆ ಮೂಗು-ಮೀಸೆಯೆಲ್ಲ ಬರೀ ಕುಂಚದ ಕೆಲಸ. ಒಂದೇ ಅಚ್ಚಿನ ನಾಲ್ಕಾರು ಗೊಂಬೆ ಸಿಕ್ಕಿದರೆ ಅವುಗಳಲ್ಲಿ ಹಿರಿಯ ಯಾರು, ಕಿರಿಯ ಯಾರು ಎಂದು ಮುಖ ನೋಡಿ ಹೇಳಬಹುದು.

ಮಣ್ಣಿನ ಮಾತು ಬಂದರೆ ಖಾನಾಪುರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಲಪ್ರಭೆ ಈ ತಾಲ್ಲೂಕಿನ ಕಣಕುಂಬಿಯಲ್ಲೇ ಹುಟ್ಟಿ ಊರ ಪಕ್ಕದಲ್ಲೇ ಹರಿಯುತ್ತಾಳೆ. ಇಲ್ಲಿನ ಮಣ್ಣು ಗಡಿಗೆಗೂ ಮಂಗಳೂರು ಮಾದರಿಯ ಹಂಚಿಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಇದೇ ಊರಲ್ಲಿ. ಜಿಲ್ಲೆಯ ಮತ್ತೊಂದು ಮೂಲೆಯಲ್ಲಿ ಗೋಕಾಕಿನ ಬಣ್ಣದ ಮರದ ಗೊಂಬೆಗಳಿವೆ, ಘಟ್ಟ ಇಳಿದರೆ ಸಾವಂತವಾಡಿಯ ಆಟಿಕೆಗಳಿವೆ. ಆಟಿಕೆಗೆ ಬೇಕಾದ ಕೈ, ಮಣ್ಣು, ಮರ, ಬಣ್ಣ ಯಾವುದಕ್ಕೂ ಈ ಸೀಮೆಯಲ್ಲಿ ಕೊರತೆ ಇರಲಿಲ್ಲ. ಹಾಗಿದ್ದೂ ಇಲ್ಲಿಯದೇ ವೀರನೊಬ್ಬ ಆ ತಾಡಪತ್ರಿಯ ಮೇಲೆ ಇಲ್ಲ.

ಸಂಗೊಳ್ಳಿ ರಾಯಣ್ಣನ ಕಥೆ ಇಲ್ಲಿ ಯಾರಿಗೂ ಹೇಳಬೇಕಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆಯೂ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು. ಆಮೇಲೆ ಕಾಡು ಹಿಡಿದು ಹೋರಾಡಿದವನು ರಾಯಣ್ಣ. ಬೀಡಿ ಎಂಬ ಊರಿನ ಸರಕಾರಿ ಕಚೇರಿಗೆ ಬೆಂಕಿ ಇಟ್ಟದ್ದು ಅವನ ಹೆಸರಾಂತ ಕೆಲಸಗಳಲ್ಲೊಂದು. ಹಳೆ ಕಾಗದಕ್ಕಾಗಿ ಊರೂರು ಅಲೆಯುವ ನಮ್ಮಂಥವರಿಗೆ ಸ್ವಲ್ಪ ಮುಜುಗರದ ಸಂಗತಿಯೇ; ನಮ್ಮ ವೀರ ಕಾಗದ ಸುಡುವ ಪೈಕಿ. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಅದೇ ದಿನಗಳಲ್ಲಿ ಭೂಮಿಯ ಆ ಕಡೆ ಡೇವಿ ಕ್ರಾಕೆಟ್ ಎಂಬ ಟೆನೆಸ್ಸಿಯ ಬೇಟೆಗಾರ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಸದಸ್ಯನಾಗಿ ಕೂತಿದ್ದ. ಐದು ವರ್ಷಗಳ ನಂತರ, 1836ರ ಮಾರ್ಚ್ 6ರಂದು, ಟೆಕ್ಸಾಸಿನ ಅಲಾಮೊ ಕೋಟೆ ಬಿದ್ದಾಗ ಅವನೂ ಸತ್ತ. ಇಬ್ಬರದೂ ಒಂದೇ ಕಾಲ, ಇಬ್ಬರೂ ಕಾಡುಬಲ್ಲವರು, ಇಬ್ಬರೂ ಬದುಕಿದ್ದಾಗಲೋ ಸತ್ತ ಕೂಡಲೋ ಜನರ ಬಾಯಲ್ಲಿ ಕಥೆಯಾದವರು. ಹೋಲಿಕೆ ಅಲ್ಲಿಗೆ ಮುಗಿಯಿತು. ಕ್ರಾಕೆಟ್ ಬಿಳಿಯರ ಒಕ್ಕಲು ಪಶ್ಚಿಮಕ್ಕೆ ಹಬ್ಬುತ್ತಿದ್ದ ಗಡಿಯ ವೀರ. ಮೂಲನಿವಾಸಿಗಳ ವಿರುದ್ಧದ ಯುದ್ಧದಲ್ಲಿ ಪಾಲ್ಗೊಂಡವನು. ನಮ್ಮವನು ಹಬ್ಬುತ್ತ ಬಂದ ಕಂಪನಿಗೆ ಅಡ್ಡ ನಿಂತವನು.

ಆದರೆ ಆಟಿಕೆಯ ಅಂಗಡಿಯಲ್ಲಿ ಗೆದ್ದವನು ಕ್ರಾಕೆಟ್. 1954ರ ಡಿಸೆಂಬರ್ 15ರಂದು ವಾಲ್ಟ್ ಡಿಸ್ನಿಯ ಟಿವಿ ಕಾರ್ಯಕ್ರಮದಲ್ಲಿ ಅವನ ಕಥೆಯ ಮೊದಲ ಕಂತು ಬಂತು. ಮುಂದಿನ ಫೆಬ್ರವರಿಯೊಳಗೆ ಇನ್ನೆರಡು. ಫೆಸ್ ಪಾರ್ಕರ್ ಎಂಬ ಎತ್ತರದ ನಟ ರಕೂನ್ ಎಂಬ ಪಟ್ಟೆಬಾಲದ ಪ್ರಾಣಿಯ ಚರ್ಮದ ಟೊಪ್ಪಿಗೆ ಹಾಕಿಕೊಂಡಿದ್ದ, ಬಾಲ ಬೆನ್ನ ಮೇಲೆ ಇಳಿಬಿದ್ದಿತ್ತು. ಮೂರೇ ಮೂರು ಕಂತು, ಇಡೀ ದೇಶದ ಹುಡುಗರಿಗೆ ಅಂಥದ್ದೇ ಟೊಪ್ಪಿಗೆ ಬೇಕಾಯಿತು. ದಿನಕ್ಕೆ ಐದು ಸಾವಿರ ಟೊಪ್ಪಿಗೆ ಹೋಗುತ್ತಿದ್ದವು, ಪೌಂಡಿಗೆ 25 ಸೆಂಟ್ ಇದ್ದ ರಕೂನ್ ತುಪ್ಪಟ ಎಂಟು ಡಾಲರಿಗೇರಿತು ಎಂದು ಆ ಕಾಲದ ಹುಚ್ಚನ್ನು ಬಣ್ಣಿಸುವವರು ಹೇಳುತ್ತಾರೆ. ಊಟದ ಡಬ್ಬಿ, ಆಟದ ಬಂದೂಕು, ತಗಡಿನ ಗೋಡೆ ಮತ್ತು ಪ್ಲಾಸ್ಟಿಕ್ ಸೈನಿಕರ ಸಮೇತ ಲೂಯಿ ಮಾರ್ಕ್ಸ್ ಕಂಪನಿಯ ಅಲಾಮೊ ಕೋಟೆ, ಎಲ್ಲವೂ ಬಂದವು. ಬೆಳಗಾವಿಯ ಹುಡುಗ ಕಟ್ಟಿಕೊಳ್ಳುವ ಕೋಟೆ ಅಲ್ಲಿಯ ಹುಡುಗನಿಗೆ ರಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಡಬ್ಬಿಯಲ್ಲಿ ಬಂದದ್ದರಿಂದಲೇ ಉಳಿದುಕೊಂಡಿತು. ಒಬ್ಬ ಸೈನಿಕನೂ ಕಳೆಯದ ಡಬ್ಬಿಗಾಗಿ ಇವತ್ತು ಅಲ್ಲಿಯ ಮುದುಕರು ಕಾದಾಡುತ್ತಾರೆ. ಪಾರ್ಕರನ ಟೊಪ್ಪಿಗೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯ ಸೇರಿದೆ.

ರಾಯಣ್ಣ ಯಾಕೆ ಆಟಿಕೆಯಾಗಲಿಲ್ಲ? ನಂದಗಡಕ್ಕೆ ಹೋದರೆ ಒಂದು ಉತ್ತರ ಹೊಳೆಯುತ್ತದೆ. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಗಾಗಿ ಹರಕೆ ಹೊತ್ತವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ತೊಟ್ಟಿಲು, ಆಟಿಕೆಯೆಂದರೆ ಆಟಿಕೆ, ಹರಕೆಯೆಂದರೆ ಹರಕೆ. ಸಂಗೊಳ್ಳಿಯ ಗುಡಿಯಲ್ಲಿ ಅವನ ಮೂರ್ತಿಯ ಎರಡೂ ಬದಿಗೆ ಕಸರತ್ತಿನ ಕಟ್ಟಿಗೆ ಭಾರಗಳಿವೆ. ಅವುಗಳಲ್ಲಿ ಒಂದು ರಾಯಣ್ಣನೇ ಎತ್ತುತ್ತಿದ್ದದ್ದು ಎನ್ನುತ್ತಾರೆ. ದೇವರಾದವನನ್ನು ಆಟಕ್ಕೆ ಇಳಿಸುವುದು ಹೇಗೆ ಎಂದು ಕೇಳಬಹುದು. ಆದರೆ ಈ ಉತ್ತರ ನಿಲ್ಲುವುದಿಲ್ಲ. ಶಿವಾಜಿಗೂ ಪೂಜೆಯುಂಟು, ರಾಮನಿಗೂ ಉಂಟು, ಗಣಪತಿಯ ಆಟಿಕೆಗಂತೂ ಲೆಕ್ಕವೇ ಇಲ್ಲ. ನನಗನ್ನಿಸುವುದು ಬೇರೆ: ಆಟಿಕೆಗೆ ಚರಿತ್ರೆ ಸಾಲದು, ಒಂದು ಹಬ್ಬ ಬೇಕು, ಇಲ್ಲವೇ ಟಿವಿ ಬೇಕು. ಶಿವಾಜಿಗೆ ದೀಪಾವಳಿ ಇತ್ತು, ಕ್ರಾಕೆಟ್‌ಗೆ ಡಿಸ್ನಿ ಇತ್ತು. ರಾಯಣ್ಣನಿಗೆ ಇದ್ದದ್ದು ಲಾವಣಿ.

ಆ ಲಾವಣಿಯನ್ನು ಮೊದಲು ಕೂಡಿಸಿದವನೂ ಒಬ್ಬ ಸಂಗ್ರಾಹಕನೇ, ಅದೂ ಎದುರು ಪಾಳಯದವನು. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ, ಶಾಸನಗಳಿಗೆ ಹೆಸರಾದ ಜೆ. ಎಫ್. ಫ್ಲೀಟ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಈ ಸೀಮೆಯ ಲಾವಣಿಗಳನ್ನು ಬರೆಸಿಕೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ರಾಯಣ್ಣನ ದಂಗೆಯ ಪದ, ಹಲಗಲಿಯ ಬೇಡರ ಪದ ಅದರಲ್ಲಿವೆ. ತನ್ನವರ ವಿರುದ್ಧ ಹಾಡಿದ್ದನ್ನು ಇಷ್ಟು ಜತನದಿಂದ ಎತ್ತಿಟ್ಟವನ ಬಗ್ಗೆ ಏನನ್ನಬೇಕೋ ತಿಳಿಯದು. ಈ ಭಾಗದ ವೀರರ ನೆನಪಿನ ವಸ್ತುಗಳಲ್ಲಿ ಅತಿ ಹಳೆಯದು ಬೇಕೆಂದರೆ ನಾನು ತೋರಿಸುವುದು ಆ ಪುಟಗಳನ್ನೇ.

ರಾಯಣ್ಣ, ಚೆನ್ನಮ್ಮ ಆಮೇಲೆ ಬೇರೆ ರೂಪಗಳಲ್ಲಿ ಬಂದರು. 1961ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ', ಬಿ. ಸರೋಜಾದೇವಿಯವರ ಚೆನ್ನಮ್ಮ, ಅಂಥ ಚಿತ್ರಗಳ ಹಾಡಿನ ಪುಸ್ತಕಗಳನ್ನು ಟಾಕೀಸಿನ ಬಾಗಿಲಲ್ಲಿ ಪುಡಿಗಾಸಿಗೆ ಮಾರುತ್ತಿದ್ದರು. 1977ರಲ್ಲಿ ಚೆನ್ನಮ್ಮನ ಅಂಚೆಚೀಟಿ. 2012ರಲ್ಲಿ ದರ್ಶನ್ ನಟಿಸಿದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'. ಈಗ ಟ್ರಾಕ್ಟರ್, ಆಟೋಗಳ ಹಿಂದೆ ಕತ್ತಿ ಹಿಡಿದ ರಾಯಣ್ಣನ ಸ್ಟಿಕ್ಕರ್. ಸನ್ಮಾನ ಸಮಾರಂಭಗಳಲ್ಲಿ ಫೈಬರ್ ಮೂರ್ತಿ. ಅಂಗಳದ ಗೊಂಬೆಗಿಂತ ಚೌಕದ ಪ್ರತಿಮೆಯಾಗಿಯೇ ಅವನು ಹೆಚ್ಚು ಕಾಣಿಸಿಕೊಂಡ. ಪ್ರತಿಮೆಯೆಂದ ಮೇಲೆ ತಂಟೆಯೂ ಬಂತು. ಅವನ ಪ್ರತಿಮೆಯ ವಿಷಯಕ್ಕೆ 2020ರಲ್ಲಿ ಪೀರಣವಾಡಿ, 2021ರಲ್ಲಿ ಅನಗೋಳ ಸುದ್ದಿಯಾದದ್ದು ಊರಿಗೆ ನೆನಪಿದೆ. ರಾಗಿ ಪೈರಿನ ನಡುವೆ ಮಾವಳನ ಪಕ್ಕದಲ್ಲಿ ಒಬ್ಬ ಮಣ್ಣಿನ ರಾಯಣ್ಣ ನಿಂತಿದ್ದರೆ ಮಕ್ಕಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಟಿವಿ ತಂದ ವೀರರ ಸಂಗತಿಯೇ ಬೇರೆ. 1987ರ ಜನವರಿಯಲ್ಲಿ 'ರಾಮಾಯಣ' ಶುರುವಾದ ಮೇಲೆ ಜಾತ್ರೆಯ ಅಂಗಡಿಗಳಲ್ಲಿ ಬಿಲ್ಲು-ಬಾಣ, ಗದೆಗೆ ಬೇಡಿಕೆ ಬಂತು. 1988ರ ಅಕ್ಟೋಬರಿನಿಂದ 'ಮಹಾಭಾರತ'. ನಂತರ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಬಂದಾಗ ಗದೆ ಹಿಡಿದ ಕೈಗಳೇ ಕತ್ತಿ ಹಿಡಿದವು. 1997ರ ಸೆಪ್ಟೆಂಬರಿನಲ್ಲಿ 'ಶಕ್ತಿಮಾನ್'. ಅವನ ಸ್ಟಿಕ್ಕರಿಗಾಗಿ ಪಾರ್ಲೆ-ಜಿ ಪೊಟ್ಟಣ ಒಡೆದು ಬಿಸ್ಕತ್ತನ್ನು ತಂಗಿಗೆ ಕೊಟ್ಟವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಆ ಸ್ಟಿಕ್ಕರ್ ಉಳಿದಿದ್ದರೆ ಗೋದ್ರೇಜ್ ಕಪಾಟಿನ ಒಳಬಾಗಿಲ ಮೇಲೆ ಉಳಿದಿರುತ್ತದೆ. ಕೀಳಲು ಹೋಗಬೇಡಿ, ಬರುವುದಿಲ್ಲ. ಬಾಗಿಲ ಸಮೇತ ಫೋಟೋ ತೆಗೆದುಕೊಳ್ಳಿ.

ದೂರದರ್ಶನದಲ್ಲಿ ಅಮೆರಿಕದ ಕಾರ್ಟೂನ್ ವೀರ ಹೀ-ಮ್ಯಾನ್ ಬಂದಾಗ ಅವನ ಗೊಂಬೆಗಳನ್ನು ಭಾರತದಲ್ಲೇ ಲಿಯೋ ಎಂಬ ಹೆಸರಿನಲ್ಲಿ ಮಾಡಿದರು. ಎಂಬತ್ತರ ದಶಕದ ಕೊನೆಗೆ ಫನ್‌ಸ್ಕೂಲ್ ಕಂಪನಿ ಹುಟ್ಟಿ ಜಿ.ಐ. ಜೋ ಸೈನಿಕರನ್ನು ಗೋವಾದ ಕಾರ್ಖಾನೆಯಲ್ಲಿ ಎರಕ ಹೊಯ್ಯತೊಡಗಿತು. ಅಮೆರಿಕದಲ್ಲಿ ಹಸಿರು ಅಂಗಿಯಲ್ಲಿದ್ದವನು ಇಲ್ಲಿ ಹಳದಿಯಲ್ಲಿ ಬಂದದ್ದುಂಟು, ಒಬ್ಬನ ತಲೆ ಇನ್ನೊಬ್ಬನ ಮೈಗೆ ಕೂತದ್ದುಂಟು. ಆಗ ಅದು ಕಳಪೆ ಅನ್ನಿಸಿತು. ಈಗ ಅಂಥ ವಿಚಿತ್ರಗಳಿಗಾಗಿಯೇ ಪರದೇಶದ ಸಂಗ್ರಾಹಕರು ಭಾರತದ ಲಿಯೋ, ಫನ್‌ಸ್ಕೂಲ್ ಗೊಂಬೆಗಳನ್ನು ಹುಡುಕುತ್ತಾರೆ. ಖಾನಾಪುರದಿಂದ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ ಹುಟ್ಟಿದ ಸೈನಿಕ ಅಟ್ಲಾಂಟಿಕ್ ದಾಟಿ ಗಾಜಿನ ಕಪಾಟು ಸೇರಿದ್ದಾನೆ. ಮಲಪ್ರಭೆಯ ದಂಡೆಯ ಮಣ್ಣಿನವನು ಮಳೆಗೆ ಕರಗಿ ಹೋದ.

ಧಾರಾವಾಹಿಯ ನೆನಪನ್ನೇ ಉಳಿಸಿಕೊಂಡ ಜಾಗವೊಂದು ಕರ್ನಾಟಕದಲ್ಲಿದೆ, ಬೆಳಗಾವಿಯಿಂದ ದೂರದಲ್ಲಿ: ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರಿಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ. ರೈಲ್ವೆಯವರು ಅಲ್ಲಿಯ ಹಳೆ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಮನೆಮಟ್ಟದ ನೆನಪಿಗೆ ಅಷ್ಟು ದೂರ ಹೋಗಬೇಕಿಲ್ಲ. ಅಜ್ಜನ ಟ್ರಂಕಿನಲ್ಲಿ ರೇಡಿಯೋ, ಟಿವಿ ಲೈಸೆನ್ಸಿನ ಪುಸ್ತಕ ಇದೆಯೇ ನೋಡಿ. ಎಂಬತ್ತರ ದಶಕದ ನಡುಭಾಗದ ತನಕ ಟಿವಿ ಇಟ್ಟುಕೊಳ್ಳಲು ವರ್ಷ ವರ್ಷವೂ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕಿತ್ತು. ಚೀಟಿ ಅಂಟಿಸಿ ಮುದ್ರೆ ಒತ್ತಿದ ಆ ಪುಸ್ತಕದಲ್ಲಿ ಊರು, ವರ್ಷ ಎಲ್ಲ ದಾಖಲಾಗಿರುತ್ತವೆ. ಟಿವಿ ಯಾವಾಗಲೋ ಗುಜರಿಯವನ ಪಾಲಾಗಿರುತ್ತದೆ, ಪುಸ್ತಕ ಮಾತ್ರ ಸರಕಾರದ ಕಾಗದವೆಂಬ ಭಯಕ್ಕೆ ಉಳಿದಿರುತ್ತದೆ.

ಉಳಿಸುವ ಕೆಲಸದಲ್ಲಿ ಈ ಸೀಮೆಯ ದೊಡ್ಡ ಶತ್ರು ಮಳೆ. ಖಾನಾಪುರದ ಕಡೆ ಜೂನ್ ಹಿಡಿದರೆ ಗೋಡೆಯೇ ಬೆವರುತ್ತದೆ. ಸುಡದ ಮಣ್ಣಿನ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಬಣ್ಣ ಉದುರುತ್ತದೆ; ಹಳೆಯ ಹತ್ತಿ ಸೀರೆಯ ತುಂಡು ಒಳ್ಳೆಯದು. ತೊಳೆಯಬಾರದು, ಹೊಸ ಬಣ್ಣ ಹಚ್ಚಬಾರದು, ಮಿಂಚಲೆಂದು ವಾರ್ನಿಶ್ ಬಳಿದರೆ ಮುಗಿಯಿತು. ಹಳೆ ಬಣ್ಣಗಳಲ್ಲಿ ಸೀಸ ಇರುವುದುಂಟು, ಹಾಗಾಗಿ ಕೂಸುಗಳ ಕೈಗೆ ಕೊಡಬೇಡಿ. ಮೆತ್ತನೆಯ ಪ್ಲಾಸ್ಟಿಕ್ ಗೊಂಬೆ ವರ್ಷಗಳ ಮೇಲೆ ಜಿಗುಟಾಗುತ್ತದೆ; ಅದನ್ನು ಥರ್ಮೋಕೋಲ್ ಮೇಲಿಟ್ಟರೆ ಎರಡೂ ಅಂಟಿ ಕರಗುತ್ತವೆ. ಜಿ.ಐ. ಜೋ ಸೊಂಟ ಮುರಿದು ಎರಡು ತುಂಡಾದರೆ ಎಸೆಯಬೇಡಿ. ಮುರಿದಿರುವುದು ಸೊಂಟವಲ್ಲ, ಒಳಗೆ ಮೇಲಿನ ಮೈಯನ್ನೂ ಕಾಲುಗಳನ್ನೂ ಹಿಡಿದಿಟ್ಟ ಕಪ್ಪು ರಬ್ಬರ್ ಬಳೆ. ಬೆನ್ನಿನ ಸಣ್ಣ ಸ್ಕ್ರೂ ಬಿಚ್ಚಿ, ನಲ್ಲಿ ರಿಪೇರಿಯ ಸಾಮಾನು ಮಾರುವ ಅಂಗಡಿಯಲ್ಲಿ ಅದೇ ಅಳತೆಯ ರಬ್ಬರ್ ರಿಂಗ್ ತಂದು ಹಾಕಿದರೆ ಸೈನಿಕ ಎದ್ದು ನಿಲ್ಲುತ್ತಾನೆ.

ಮಾವಳನ ವಿಷಯಕ್ಕೆ ನನ್ನ ಸಲಹೆ ಬೇರೆ. ಹಳೆಯ ಗೊಂಬೆ ಹುಡುಕುವುದಕ್ಕಿಂತ ಹಳೆಯ ಅಚ್ಚು ಎಲ್ಲಿದೆ ಕೇಳಿ. ಗೊಂಬೆ ಒಂದು ಹಬ್ಬಕ್ಕೆ, ಅಚ್ಚು ಎಷ್ಟೋ ಹಬ್ಬಕ್ಕೆ. ಅಪ್ಪನ ಅಚ್ಚಿನಲ್ಲೇ ಮಗ ತೆಗೆಯುವುದು ಈ ಕಸುಬಿನಲ್ಲಿ ಹೊಸದಲ್ಲ. ಸಿಕ್ಕಿತೆಂದು ಕೊಂಡುಕೊಂಡು ಬರಬೇಡಿ, ಅದು ಅವರ ಅನ್ನ. ದೀಪಾವಳಿಯ ಗದ್ದಲಕ್ಕೆ ಮುಂಚೆ ಹೋಗಿ, ಬಣ್ಣ ಹಚ್ಚದ ಒಂದು ಹಸಿ ಗೊಂಬೆ ತೆಗೆಸಿಕೊಳ್ಳಿ, ಸಾಧ್ಯವಾದರೆ ಭಟ್ಟಿಯಲ್ಲಿ ಸುಡಿಸಿ. ಯಾವ ಗಲ್ಲಿ, ಯಾವ ವರ್ಷ, ಅಚ್ಚು ಯಾರ ಕಾಲದ್ದು ಎಂದು ಅವರನ್ನೇ ಕೇಳಿ ತಳದಲ್ಲಿ ಪೆನ್ಸಿಲಿನಿಂದ ಬರೆದಿಡಿ. ತುತ್ತೂರಿಯವನಿಂದಲೇ ಶುರು ಮಾಡಿದರೆ ಒಳ್ಳೆಯದು. ಮಹಾರಾಜರನ್ನು ಹೇಗೂ ಯಾರಾದರೂ ಇಟ್ಟುಕೊಂಡಿರುತ್ತಾರೆ.